ಮನೆ ಡೇಕೇರ್‌ಗೆ ಆಟದ ಕೋಣೆ: ಎಲ್ಲಿಂದ ಶುರು ಮಾಡಬೇಕು, ಏನೇನು ಜೋಡಿಸಬೇಕು

ಮೊದಲು ಪಕ್ಕದ ಮನೆಯ ಮಗು ಬರುತ್ತದೆ. ಆಮೇಲೆ ಆ ಮಗುವಿನ ಅಮ್ಮನ ಆಫೀಸಿನ ಗೆಳತಿಯ ಮಗು. ನೋಡುನೋಡುತ್ತಲೇ ನಾಲ್ಕೈದು ಮಕ್ಕಳಾಗುತ್ತಾರೆ. ನಮ್ಮ ಊರುಗಳಲ್ಲಿ ಮನೆ ಡೇಕೇರ್‌ಗಳು ಬಹುತೇಕ ಹೀಗೇ ಶುರುವಾಗುವುದು. ಆಗ ಮನೆಯ ಒಂದು ಕೋಣೆಯನ್ನು ಮಕ್ಕಳಿಗೆಂದೇ ಬಿಡಬೇಕಾಗುತ್ತದೆ. ಆ ಕೋಣೆಯನ್ನು ಹೇಗೆ ಸಿದ್ಧ ಮಾಡುವುದು ಅಂತ ಕೇಳುವವರಿಗಾಗಿ ಇದನ್ನು ಬರೆದಿದ್ದೇನೆ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳು ಒಟ್ಟಿಗೆ ಇರುವ ಮನೆ, ಒಬ್ಬರೋ ಇಬ್ಬರೋ ದೊಡ್ಡವರು, ಬಾಡಿಗೆ ಮನೆಯೂ ಆಗಿರಬಹುದು ಅಂತ ಅಂದುಕೊಂಡಿದ್ದೇನೆ.

ಬಹಳ ಜನ ಮೊದಲ ದಿನವೇ ಆಟಿಕೆ ಅಂಗಡಿಗೆ ಹೋಗುತ್ತಾರೆ. ಆಟಿಕೆ ಕೊನೆಗೆ ಬರಲಿ. ಕೋಣೆ ಚೆನ್ನಾಗಿದೆಯೋ ಇಲ್ಲವೋ ಅಂತ ನೋಡಲು ನಾನು ಇಟ್ಟುಕೊಂಡಿರುವ ಅಳತೆ ಒಂದೇ. ಆ ಕೋಣೆಯಲ್ಲಿ ನೀವು ದಿನಕ್ಕೆ ಎಷ್ಟು ಸಲ ‘ಬೇಡ’, ‘ಮುಟ್ಟಬೇಡ’, ‘ಹತ್ತಬೇಡ’ ಅನ್ನಬೇಕಾಗುತ್ತದೆ? ಒಂದೂವರೆ ವರ್ಷದ ಮಗುವಿಗೆ ಮುಟ್ಟುವುದೇ ಕಲಿಕೆ. ಅದನ್ನು ಮತ್ತೆ ಮತ್ತೆ ತಡೆದರೆ ಮಗುವೂ ರೇಗುತ್ತದೆ, ನೀವೂ ಸಂಜೆ ಹೊತ್ತಿಗೆ ಸೋತುಹೋಗುತ್ತೀರಿ. ಮುಟ್ಟಬಾರದ್ದು ಆ ಕೋಣೆಯಲ್ಲಿ ಇಲ್ಲದೇ ಇದ್ದರೆ ‘ಬೇಡ’ ಅನ್ನುವ ಮಾತೇ ಬರುವುದಿಲ್ಲ. ಮುಂದೆ ಹೇಳುವುದೆಲ್ಲ ಅದಕ್ಕಾಗಿಯೇ.

ಮೊದಲು ಕೋಣೆಯನ್ನು ಆರಿಸಿ

ಮನೆಯಲ್ಲಿ ಅತಿ ದೊಡ್ಡ ಕೋಣೆ ಯಾವುದು ಅಂತ ಹುಡುಕುವುದಕ್ಕಿಂತ, ನೀವು ಜಾಸ್ತಿ ಹೊತ್ತು ಇರುವ ಜಾಗದಿಂದ ಯಾವ ಕೋಣೆ ಪೂರ್ತಿ ಕಾಣುತ್ತದೆ ಅಂತ ನೋಡಿ. ಅಡುಗೆಮನೆಯ ಬಾಗಿಲಲ್ಲಿ ನಿಂತರೆ ನಾಲ್ಕೂ ಮೂಲೆ ಕಣ್ಣಿಗೆ ಬೀಳುವ ಹಾಲ್, ಒಳಗಿನ ದೊಡ್ಡ ಬೆಡ್‌ರೂಮಿಗಿಂತ ಎಷ್ಟೋ ಮೇಲು. ಎಲ್ ಆಕಾರದ ಹಾಲ್ ಆದರೆ ತಿರುವಿನ ಆಚೆಯ ಭಾಗವನ್ನು ಆಟಕ್ಕೆ ಬಿಡಬೇಡಿ. ಅಲ್ಲಿ ಚಪ್ಪಲಿ ಸ್ಟ್ಯಾಂಡ್, ಬ್ಯಾಗ್ ಇಡುವ ಜಾಗ ಮಾಡಿಕೊಳ್ಳಿ.

ಎಷ್ಟು ಮಕ್ಕಳಿಗೆ ಎಷ್ಟು ಜಾಗ? ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2018ರಲ್ಲಿ ಶಿಶುಪಾಲನಾ ಕೇಂದ್ರಗಳಿಗೆ ಒಂದು ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಒಂದು ಮಗುವಿಗೆ ಕನಿಷ್ಠ 10ರಿಂದ 12 ಚದರ ಅಡಿ ಅಂತ ಇದೆ. ಆ ಲೆಕ್ಕದಲ್ಲಿ 10 ಅಡಿ ಉದ್ದ, 12 ಅಡಿ ಅಗಲದ ಕೋಣೆಗೆ ಹತ್ತು ಮಕ್ಕಳನ್ನು ಸೇರಿಸಬಹುದು. ದಯವಿಟ್ಟು ಸೇರಿಸಬೇಡಿ. ಕಪಾಟು, ಚಾಪೆ ಎಲ್ಲ ಹಾಕಿದ ಮೇಲೆ ಓಡಾಡಲು ಉಳಿಯುವ ಜಾಗ ಬಹಳ ಕಡಿಮೆ. ನನ್ನ ಮಟ್ಟಿಗೆ ಅಂಥ ಕೋಣೆಗೆ ಐದು ಮಕ್ಕಳು ಸಾಕು. ಅದರಲ್ಲೂ ಇನ್ನೂ ನಡೆಯದ ಕೂಸುಗಳು ಇಬ್ಬರಿಗಿಂತ ಜಾಸ್ತಿ ಬೇಡ. ಬೆಂಕಿ ಬಿದ್ದರೆ ಇಬ್ಬರನ್ನು ಎತ್ತಿಕೊಂಡು ಉಳಿದವರನ್ನು ನಡೆಸಿಕೊಂಡು ಹೊರಗೆ ಹೋಗಬೇಕು ಅಲ್ವಾ? ಸಂಖ್ಯೆಯನ್ನು ಆ ಲೆಕ್ಕದಲ್ಲಿ ತೀರ್ಮಾನ ಮಾಡಿ.

ನೆಲಮಹಡಿ ಒಳ್ಳೆಯದು. ಮೇಲಿನ ಮಹಡಿಯೇ ಆಗಬೇಕು ಅಂದರೆ ಮೆಟ್ಟಿಲಿಗೆ ಗೇಟು ಬೇಕೇ ಬೇಕು. ಬಚ್ಚಲು ಹತ್ತಿರ ಇರಲಿ. ಎರಡು ವರ್ಷದ ಮಗು ‘ಸುಸ್ಸು’ ಅಂದ ಮೇಲೆ ನಿಮಗೆ ಸಿಗುವ ಸಮಯ ಬಹಳ ಕಡಿಮೆ.

ಮಂಡಿಯೂರಿ ಒಂದು ಸುತ್ತು ಬನ್ನಿ

ಈ ಕೆಲಸಕ್ಕೆ ಒಂದು ಇಡೀ ಮಧ್ಯಾಹ್ನ ಇಟ್ಟುಕೊಳ್ಳಿ. ಕೋಣೆಯನ್ನು ಪೂರ್ತಿ ಖಾಲಿ ಮಾಡಿ. ಆಮೇಲೆ ಅಂಬೆಗಾಲಿಟ್ಟು, ಗೋಡೆಯ ಅಂಚಿನಲ್ಲೇ ಒಂದು ಸುತ್ತು ಬನ್ನಿ. ನಿಂತಾಗ ಕಾಣದ್ದು ಎಷ್ಟೋ ಈಗ ಕಾಣುತ್ತದೆ. ಕಿತ್ತು ಬಂದ ಸ್ಕರ್ಟಿಂಗ್, ಗೋಡೆಯಲ್ಲಿ ಉಳಿದ ಮೊಳೆ, ಕಿಟಕಿಯ ಕೆಳಗೆ ಉದುರುವ ಬಣ್ಣ.

ಬಣ್ಣದ ವಿಷಯ ಸ್ವಲ್ಪ ಹೇಳಬೇಕು. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮವಾಗಿದ್ದು 2016ರಲ್ಲಿ. ಅದು ಜಾರಿಗೆ ಬಂದಿದ್ದು ಮರುವರ್ಷ. ಅದಕ್ಕೆ ಮುಂಚೆ ಬಳಿದ ಎನಾಮೆಲ್ ಬಣ್ಣ ಕಿಟಕಿ, ಬಾಗಿಲು, ಗ್ರಿಲ್‌ಗಳಲ್ಲಿ ಹಾಗೇ ಇರಬಹುದು. ಅದರ ಹಪ್ಪಳೆ ಉದುರುತ್ತಿದ್ದರೆ ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಹಾಕಿ ಒದ್ದೆಯಾಗಿಯೇ ಕೆರೆದು, ಒರೆಸಿ, ಮೇಲೆ ಹೊಸ ಬಣ್ಣ ಹೊಡೆಸಿ. ಆ ಕೆಲಸ ನಡೆಯುವಾಗ ಮಕ್ಕಳು ಮನೆಯಲ್ಲಿ ಇರಬಾರದು. ಪುಟ್ಟ ಮಕ್ಕಳ ಮೆದುಳಿಗೆ ಸೀಸ ಮಾಡುವ ಹಾನಿಯನ್ನು ಆಮೇಲೆ ಸರಿಪಡಿಸಲು ಆಗುವುದಿಲ್ಲ.

ಪ್ಲಗ್ ಪಾಯಿಂಟ್‌ಗಳು ಕೆಳಗಿದ್ದರೆ ಒಳಗೆ ಮುಚ್ಚಳ ಇರುವ ಹೊಸ ಸಾಕೆಟ್ ಹಾಕಿಸಿ. ಪ್ಲಾಸ್ಟಿಕ್ ಬಿರಡೆ ಹಾಕಿದರೆ ಚುರುಕು ಮಕ್ಕಳು ಅದನ್ನೇ ಕಿತ್ತು ಬಾಯಿಗೆ ಇಡುತ್ತಾರೆ. ಮುಖ್ಯ ಬೋರ್ಡ್‌ನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್) ಇದೆಯೇ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ. ಇಲ್ಲದಿದ್ದರೆ ಮೊದಲ ತಿಂಗಳ ಫೀಸಿನಲ್ಲೇ ಹಾಕಿಸಿ. ಹಾಲ್‌ನ ಮೂಲೆಯಲ್ಲಿ ಯುಪಿಎಸ್ ಬ್ಯಾಟರಿ ಇಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಅದರೊಳಗೆ ಇರುವುದು ಆಸಿಡ್. ಅದು ಬೇರೆ ಜಾಗಕ್ಕೆ ಹೋಗಲೇಬೇಕು. ಟೇಬಲ್ ಫ್ಯಾನ್ ಬೇಡ, ಸೀಲಿಂಗ್ ಫ್ಯಾನ್ ಸಾಕು.

ಕಿಟಕಿ ಮತ್ತು ಬಾಲ್ಕನಿ ಗ್ರಿಲ್‌ನ ಸಂದು 10 ಸೆಂಟಿಮೀಟರ್‌ಗಿಂತ ಕಡಿಮೆ ಇರಬೇಕು. ಅಡ್ಡ ಕಂಬಿಗಳಿದ್ದರೆ ಮಕ್ಕಳು ಅವನ್ನೇ ಏಣಿ ಮಾಡಿಕೊಳ್ಳುತ್ತಾರೆ. ಅಂಥ ಕಡೆ ಒಳಗಿನಿಂದ ಗಟ್ಟಿ ಜಾಲರಿ ಹೊಡೆಸಿ. ಕಿಟಕಿಯ ಕೆಳಗೆ ದಿವಾನ, ಸ್ಟೂಲ್, ಹೂಕುಂಡ ಯಾವುದೂ ಇರಬಾರದು. ಕರ್ಟನ್ ದಾರ, ಬ್ಲೈಂಡ್ ದಾರ ಕೈಗೆ ಸಿಗದಷ್ಟು ಮೇಲೆ ಕಟ್ಟಿ.

ಬಾಗಿಲಿನ ಒಳಚಿಲಕ ಬಿಚ್ಚಿಸಿ. ಎರಡೂವರೆ ವರ್ಷದ ಮಗು ಒಳಗೆ ಹೋಗಿ ಚಿಲಕ ಹಾಕಿಕೊಂಡು ಅಳುತ್ತಾ ನಿಂತರೆ, ಹೊರಗಿರುವ ನಿಮ್ಮ ಕೈಕಾಲೇ ಆಡುವುದಿಲ್ಲ. ಬಾಗಿಲು ತಾನಾಗಿ ಬಡಿಯದ ಹಾಗೆ ಸ್ಟಾಪರ್ ಇರಲಿ. ಬೆರಳು ಜಜ್ಜುವುದು ಹೆಚ್ಚಾಗಿ ಹಿಂಜಿನ ಕಡೆ. ಆ ಸಂದಿಗೂ ಪಟ್ಟಿ ಹಾಕಬಹುದು.

ಬೀರು, ಪುಸ್ತಕದ ಕಪಾಟು, ಟಿವಿ ಇವೆಲ್ಲ ಮಗು ಹಿಡಿದು ಎಳೆದರೆ ಮೈಮೇಲೆ ಬೀಳುತ್ತವೆ. ಗೋಡೆಗೆ ಎಲ್ ಕ್ಲಾಂಪ್ ಹೊಡೆದು ಬಿಗಿ ಮಾಡಬೇಕು. ಮನೆ ಮಾಲೀಕರು ಗೋಡೆ ಕೊರೆಯಲು ಒಪ್ಪದಿದ್ದರೆ ಎತ್ತರದ ಸಾಮಾನನ್ನೇ ಆ ಕೋಣೆಯಿಂದ ತೆಗೆಯಿರಿ. ಎರಡು ಅಡಿಗಿಂತ ಎತ್ತರ ಇಲ್ಲದ, ತಳ ಅಗಲವಾದ ಕಪಾಟುಗಳನ್ನು ಮಾತ್ರ ಇಡಿ.

ಇನ್ನು ವಿಷದ ವಸ್ತುಗಳು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಅಪಾಯ ತರುವ ಎಷ್ಟೋ ಸಾಮಾನು ನಮಗೆ ವಿಷ ಅನ್ನಿಸುವುದೇ ಇಲ್ಲ. ದೇವರ ಮನೆಯ ಕರ್ಪೂರ ನೋಡಿ. ಬೆಳ್ಳಗೆ, ಪೆಪ್ಪರ್‌ಮಿಂಟ್‌ನ ಹಾಗೆ ಇರುತ್ತದೆ. ಸ್ವಲ್ಪ ನುಂಗಿದರೂ ಪುಟ್ಟ ಮಗುವಿಗೆ ಫಿಟ್ಸ್ ಬರಬಹುದು. ಸೀರೆ ಪೆಟ್ಟಿಗೆಯ ನುಸಿಗುಳಿಗೆಯೂ ಅಷ್ಟೇ ಅಪಾಯ, ಅದೂ ಮಿಠಾಯಿಯ ಹಾಗೇ ಕಾಣುತ್ತದೆ. ಸೊಳ್ಳೆ ಓಡಿಸುವ ದ್ರಾವಣದ ಪುಟ್ಟ ಬಾಟಲಿ ಕೆಳಗಿನ ಪ್ಲಗ್‌ನಲ್ಲಿ ಇರಬಾರದು. ಅದರ ಬದಲು ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿ. ಫಿನಾಯಿಲ್, ಆಸಿಡ್ ಇವನ್ನು ನೀರಿನ ಬಾಟಲಿಗೋ ಜ್ಯೂಸ್ ಬಾಟಲಿಗೋ ಸುರಿದಿಡುವ ಅಭ್ಯಾಸ ಇದ್ದರೆ ಇವತ್ತೇ ಬಿಟ್ಟುಬಿಡಿ. ಬಾಲ್ಕನಿಯಲ್ಲಿ, ಅಂಗಳದಲ್ಲಿ ಕಣಗಿಲೆ, ಹರಳು, ಉಮ್ಮತ್ತಿ ಇದ್ದರೆ ತೆಗೆಸಿ. ಮನೆಯೊಳಗೆ ಅಲಂಕಾರಕ್ಕೆ ಇಡುವ ಡಿಫೆನ್‌ಬಾಕಿಯ ಎಲೆ ಅಗಿದರೆ ನಾಲಿಗೆ, ಗಂಟಲು ಊದಿಕೊಳ್ಳುತ್ತವೆ. ತುಳಸಿ, ದೊಡ್ಡಪತ್ರೆ ಇಟ್ಟುಕೊಳ್ಳಿ. ಮಕ್ಕಳು ಕಿತ್ತು ಮೂಸಿದರೂ ಚಿಂತೆ ಇಲ್ಲ.

ನೀರು ಕೊನೆಗೆ ಬಂದರೂ ಎಲ್ಲಕ್ಕಿಂತ ಮುಖ್ಯ. ಬಚ್ಚಲಲ್ಲಿ ಬಕೆಟ್ ತುಂಬಿಸಿ ಇಡಬೇಡಿ. ಬಗ್ಗಿ ನೋಡುವ ಮಗು ತಲೆಕೆಳಗಾಗಿ ಬಿದ್ದರೆ ಮೇಲೇಳಲು ಅದರ ಕೈಯಲ್ಲಿ ಆಗುವುದಿಲ್ಲ. ಐದಾರು ಸೆಂಟಿಮೀಟರ್ ನೀರೂ ಸಾಕು, ಸದ್ದೂ ಆಗುವುದಿಲ್ಲ. ಬಚ್ಚಲ ಬಾಗಿಲಿಗೆ ಹೊರಗಿನಿಂದ ಮೇಲೆ ಚಿಲಕ ಇರಲಿ. ಸಂಪಿನ ಮುಚ್ಚಳಕ್ಕೆ ಬೀಗ ಇರಲಿ. ಟ್ಯಾಂಕರ್ ಬಂದು ಹೋದ ದಿನ ಆ ಬೀಗವನ್ನು ನೀವೇ ಕೈಯಾರೆ ಎಳೆದು ನೋಡಿ.

ನೆಲ

ಈಗಿನ ವಿಟ್ರಿಫೈಡ್ ಟೈಲ್ಸ್ ನೋಡಲು ಚೆಂದ, ಬಿದ್ದರೆ ಮಾತ್ರ ತಲೆಗೆ ಜೋರು ಏಟು. ಸಾಕ್ಸ್ ಹಾಕಿದ ಮಕ್ಕಳು ಜಾರುತ್ತಾರೆ. ಕೋಣೆಯಲ್ಲಿ ಎಲ್ಲರೂ ಬರಿಗಾಲು ಅಂತ ನಿಯಮ ಮಾಡಿ.

ಜನ ಮೊದಲು ಕೊಳ್ಳುವುದು ಬಣ್ಣಬಣ್ಣದ ಪಜಲ್ ಮ್ಯಾಟ್. ನನಗೆ ಅದು ಅಷ್ಟು ಇಷ್ಟವಿಲ್ಲ. ಹಲ್ಲು ಬರುವ ಮಕ್ಕಳು ಅದರ ಅಂಚನ್ನು ಕಚ್ಚಿ ತುಂಡು ಮಾಡುತ್ತಾರೆ. ಹೊಸದರಲ್ಲಿ ಜೋರು ರಾಸಾಯನಿಕ ವಾಸನೆ ಇರುತ್ತದೆ. ಜೋಡಣೆಯ ಸಂದಿನಲ್ಲಿ ಹಾಲು, ಗಂಜಿ ಇಳಿದು ಕೊಳೆಯುತ್ತದೆ. ಕೊಳ್ಳಲೇಬೇಕು ಅಂದರೆ ದಪ್ಪದ್ದು, ದೊಡ್ಡ ತುಂಡುಗಳದ್ದು ಕೊಂಡು ಕೆಲವು ದಿನ ಬಿಸಿಲು ಗಾಳಿಗೆ ಹಾಕಿ, ವಾಸನೆ ಹೋದ ಮೇಲೆ ಬಳಸಿ. ಇಲ್ಲದಿದ್ದರೆ ಒಂದೇ ಹಾಳೆಯ, ಒರೆಸಬಹುದಾದ ಮ್ಯಾಟ್ ಇನ್ನೂ ಒಳ್ಳೆಯದು. ಉಳಿದ ಕಡೆ ಹತ್ತಿಯ ಜಮಖಾನ ಹಾಸಿ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ನೇಯುವ ಜಮಖಾನಗಳು ಹತ್ತಾರು ವರ್ಷ ಬಾಳುತ್ತವೆ, ನವಿಲು, ಪಗಡೆಹಾಸಿನ ಚಿತ್ತಾರ ಮಕ್ಕಳಿಗೆ ನೋಡಲು ಒಳ್ಳೆಯ ಆಟ. ಅಷ್ಟು ಬೆಲೆ ಬೇಡ ಅಂದರೆ ಸಾದಾ ಜಮಖಾನ ಸಾಕು. ಕೆಳಗೆ ಜಾರದ ರಬ್ಬರ್ ಜಾಲಿ ಮಾತ್ರ ಮರೆಯಬೇಡಿ.

ಕರಾವಳಿ, ಮಲೆನಾಡಿನವರು ಮ್ಯಾಟನ್ನು ದಿನಾ ಸಂಜೆ ಎತ್ತಿ ನಿಲ್ಲಿಸಲೇಬೇಕು. ಮಳೆಗಾಲದಲ್ಲಿ ಎರಡು ದಿನ ಹಾಗೇ ಬಿಟ್ಟರೂ ಅಡಿಯಲ್ಲಿ ಬೂಸ್ಟು. ಕೆಮ್ಮುವ ಮಗು ಇದ್ದರೆ ಮೊದಲು ಮ್ಯಾಟ್ ಎತ್ತಿ ನೋಡಿ.

ಕೋಣೆಯ ಅರ್ಧದಷ್ಟು ನೆಲ ಏನೂ ಇಡದೆ ಖಾಲಿ ಇರಲಿ. ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಪಾರ್ಕ್ ಇಲ್ಲದ ಬೀದಿಯಲ್ಲಿ, ಮಳೆಯ ದಿನದಲ್ಲಿ, ಆ ಮೂರು ಗಂಟೆ ನಡೆಯಬೇಕಾದದ್ದು ಈ ಖಾಲಿ ನೆಲದ ಮೇಲೆಯೇ.

ಜಾಗ ಹಂಚುವುದು

ಈಗ ಕೋಣೆಯನ್ನು ಮನಸ್ಸಿನಲ್ಲೇ ಭಾಗ ಮಾಡಿ. ಗೋಡೆ ಬೇಡ, ಗೆರೆ ಬೇಡ. ಮೋಟು ಕಪಾಟು, ಒಂದು ಚಾಪೆ, ಒಂದು ದಿಂಬಿನ ಸಾಲು ಸಾಕು.

ಇನ್ನೂ ನಡೆಯದ ಕೂಸುಗಳಿಗೆ ಬಾಗಿಲಿನಿಂದ ದೂರದ ಮೂಲೆ ಕೊಡಿ. ಅದಕ್ಕೆ ಗಟ್ಟಿಯಾದ ತಡೆ ಇರಲೇಬೇಕು. ನಾಲ್ಕು ವರ್ಷದ ಹುಡುಗ ಅಕ್ಕರೆಯಿಂದಲೇ ಓಡಿಬಂದು ಕೂಸಿನ ಕೈ ತುಳಿಯುತ್ತಾನೆ, ತಾನು ತಿನ್ನುವ ಕಡಲೆಬೀಜ ಅದರ ಬಾಯಿಗೂ ಇಡುತ್ತಾನೆ. ಬೈದು ಪ್ರಯೋಜನ ಇಲ್ಲ. ಅಲ್ಲಿ ಮುರಿಯದ ಅಕ್ರಿಲಿಕ್ ಕನ್ನಡಿಯೊಂದನ್ನು ನೆಲಮಟ್ಟದಲ್ಲಿ ಗೋಡೆಗೆ ಅಂಟಿಸಿ. ಬೋರಲು ಮಲಗಿದ ಕೂಸು ತಲೆ ಎತ್ತಿ ತನ್ನ ಮುಖ ನೋಡಲು ಯತ್ನಿಸುತ್ತದೆ, ಕುತ್ತಿಗೆ ಬಲಿಯುತ್ತದೆ.

ದೊಡ್ಡ ಮಕ್ಕಳಿಗೆ ಉಲ್ಟಾ ಸಮಸ್ಯೆ. ಅವರು ಕಷ್ಟಪಟ್ಟು ಕಟ್ಟಿದ ಗೋಪುರವನ್ನು ಒಂದೂವರೆ ವರ್ಷದವರು ಬಂದು ಕೆಡವುತ್ತಾರೆ. ಜಗಳದ ಅರ್ಧ ಇಲ್ಲಿಂದಲೇ. ಅವರಿಗೆ ಒಂದು ಮೇಜು ಕೊಡಿ. ಪುಟಾಣಿಗಳ ಕೈಗೆ ಎಟುಕದಷ್ಟು ಎತ್ತರ ಇರಲಿ. ಸಣ್ಣ ತುಂಡುಗಳ ಆಟ, ಕತ್ತರಿ, ಮಣಿ ಪೋಣಿಸುವುದು ಎಲ್ಲ ಆ ಮೇಜಿನ ಮೇಲೆ ಮಾತ್ರ.

ಇನ್ನೊಂದು ಭಾಗ ಮನೆಯಾಟಕ್ಕೆ. ಮತ್ತೊಂದು ಪುಸ್ತಕಕ್ಕೆ. ಅಂಗನವಾಡಿಗಳಲ್ಲಿ ಈ ಮೂಲೆಗಳ ಪದ್ಧತಿ ಹಳೆಯದು. 1975ರಲ್ಲಿ ದೇಶದಲ್ಲಿ ಐಸಿಡಿಎಸ್ (ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ನಿಮ್ಮ ಬಡಾವಣೆಯಲ್ಲಿ ಚೆನ್ನಾಗಿ ನಡೆಯುವ ಅಂಗನವಾಡಿ ಇದ್ದರೆ ಅಲ್ಲಿನ ಕಾರ್ಯಕರ್ತೆಯನ್ನು ಕೇಳಿ, ಒಂದು ಬೆಳಿಗ್ಗೆ ಕೂತು ನೋಡಿ. ಕಡಿಮೆ ಜಾಗದಲ್ಲಿ, ಕಡಿಮೆ ದುಡ್ಡಿನಲ್ಲಿ ಇಷ್ಟು ಮಕ್ಕಳನ್ನು ಹೇಗೆ ಹಿಡಿದಿಡುತ್ತಾರೆ ಅನ್ನುವುದು ಅವರನ್ನು ನೋಡಿದರೆ ಗೊತ್ತಾಗುತ್ತದೆ.

ಪುಸ್ತಕದ ಮೂಲೆಯನ್ನು ಓಡುವ ಜಾಗದ ಪಕ್ಕ ಇಡಬೇಡಿ. ಗದ್ದಲದಲ್ಲಿ ಬೇಜಾರಾದ ಮಗು ಹೋಗಿ ಸುಮ್ನೆ ಕೂರಲು ಒಂದು ಜಾಗ ಬೇಕು. ಎರಡು ದಿಂಬು, ಮುಖಪುಟ ಕಾಣುವ ಹಾಗೆ ನಿಲ್ಲಿಸಿದ ಐದಾರು ಪುಸ್ತಕ, ಅಷ್ಟೇ. ಮಕ್ಕಳ ಅಜ್ಜ ಅಜ್ಜಿಯ ಫೋಟೋ, ಅಮ್ಮನ ಫೋಟೋ ಅಲ್ಲಿ ಮಗುವಿನ ಕಣ್ಣೆತ್ತರಕ್ಕೆ ಅಂಟಿಸಿ. ಹೊಸದಾಗಿ ಸೇರಿದ ಮಕ್ಕಳು ದಿನಕ್ಕೆ ಎಷ್ಟೋ ಸಲ ಹೋಗಿ ಮುಟ್ಟಿ ಬರುತ್ತಾರೆ.

ಈಗ ಆಟಿಕೆ

ಎಷ್ಟು ಬೇಕು? ನೀವು ಅಂದುಕೊಂಡಿದ್ದಕ್ಕಿಂತ ಬಹಳ ಕಡಿಮೆ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 18ರಿಂದ 30 ತಿಂಗಳ 36 ಮಕ್ಕಳಿಗೆ ಒಮ್ಮೆ 4 ಆಟಿಕೆ, ಇನ್ನೊಮ್ಮೆ 16 ಆಟಿಕೆ ಕೊಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಜಾಸ್ತಿ ಹೊತ್ತು ಆಡಿದರು, ಬೇರೆ ಬೇರೆ ರೀತಿಯಲ್ಲೂ ಆಡಿದರು. ನಮ್ಮ ಮನೆಗಳಲ್ಲೂ ಇದು ಕಾಣುತ್ತದೆ. ದೊಡ್ಡ ಬುಟ್ಟಿ ತುಂಬ ಆಟಿಕೆ ಇದ್ದರೆ ಮಗು ಬುಟ್ಟಿ ಬೋರಲು ಹಾಕಿ ಎದ್ದು ಹೋಗುತ್ತದೆ.

ಹಾಗಾಗಿ ಬುಟ್ಟಿ ಬೇಡ, ಕಪಾಟು ಇರಲಿ. ತೆರೆದ ಎರಡು ಹಲಗೆ, ಒಂದೊಂದರಲ್ಲಿ ನಾಲ್ಕೈದು ಆಟಿಕೆ, ನಡುವೆ ಖಾಲಿ ಜಾಗ. ಪ್ರತಿಯೊಂದರ ಜಾಗದಲ್ಲೂ ಅದರ ಫೋಟೋ ಅಂಟಿಸಿದರೆ ಎರಡು ವರ್ಷದ ಮಗುವೂ ತಂದು ಸರಿಯಾದ ಕಡೆ ಇಡುತ್ತದೆ. ಉಳಿದದ್ದು ಮೇಲಿನ ಅಟ್ಟದಲ್ಲಿ ಇರಲಿ. ಹತ್ತು ಹದಿನೈದು ದಿನಕ್ಕೊಮ್ಮೆ ಅರ್ಧ ಬದಲಿಸಿ. ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ, ಪುಟ್ಟ ಮಕ್ಕಳು ಗಲಿಬಿಲಿಯಾಗುತ್ತಾರೆ. ಎಲ್ಲರಿಗೂ ಬೇಕಾಗುವ ಚೆಂಡು, ಗಾಡಿಯಂಥವು ಮಾತ್ರ ಎರಡು ಮೂರು ಇರಲಿ. ಎರಡು ವರ್ಷದವರಿಗೆ ಹಂಚಿಕೊಳ್ಳಲು ಇನ್ನೂ ಬರುವುದಿಲ್ಲ. ಅದು ಹಟ ಅಲ್ಲ, ವಯಸ್ಸು.

ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ, 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಈ ಗುರುತು ಕಡ್ಡಾಯ. ಚೂಪು ಅಂಚು, ಸೀಸದಂಥ ವಿಷ ಲೋಹ, ಬೇಗ ಬೆಂಕಿ ಹತ್ತುವ ಗುಣ ಇವನ್ನೆಲ್ಲ ಪರೀಕ್ಷೆ ಮಾಡಿರುತ್ತಾರೆ. ಜಾತ್ರೆಯಲ್ಲಿ, ಸಿಗ್ನಲ್‌ನಲ್ಲಿ ಸಿಗುವ ಅಗ್ಗದ ಪ್ಲಾಸ್ಟಿಕ್ ಆಟಿಕೆಗೆ ಆ ಭರವಸೆ ಇಲ್ಲ.

ಚನ್ನಪಟ್ಟಣದ ಗೊಂಬೆಗಳಲ್ಲಿ ಐಎಸ್‌ಐ ಗುರುತು ಕಾಣದಿದ್ದರೆ ಗಾಬರಿಯಾಗಬೇಡಿ. ಜಿಐ (ಒಂದು ಊರಿಗೇ ವಿಶೇಷವಾದ ಉತ್ಪನ್ನಕ್ಕೆ ಕೊಡುವ ಭೌಗೋಳಿಕ ಗುರುತು) ಮಾನ್ಯತೆ ಪಡೆದ ಆಟಿಕೆ ಮಾಡುವ ನೋಂದಾಯಿತ ಕುಶಲಕರ್ಮಿಗಳಿಗೆ ಆ ನಿಯಮದಿಂದ ವಿನಾಯಿತಿ ಇದೆ. ಆಲೆ ಮರವನ್ನು ಕಡೆದು, ತಿರುಗುವಾಗಲೇ ಬಣ್ಣದ ಅರಗನ್ನು ಒತ್ತಿ ಹಚ್ಚಿ, ತಾಳೆ ಗರಿಯಿಂದ ಹೊಳಪು ಕೊಡುತ್ತಾರೆ. ಆಲೆ ಮರ ಹಗುರ, ಅಂಚು ದುಂಡಗೆ, ಸಿಬಿರು ಏಳುವುದಿಲ್ಲ. ಗಿಲಕಿ, ಉಂಗುರ ಜೋಡಿಸುವ ಗೋಪುರ, ದಾರ ಕಟ್ಟಿ ಎಳೆಯುವ ಗಾಡಿ ಇವು ನನ್ನ ಪಟ್ಟಿಯಲ್ಲಿ ಮೊದಲು ಬರುತ್ತವೆ. ಎಳೆಯುವ ದಾರ ಉದ್ದವಿದ್ದರೆ ಒಂದು ಗೇಣಿಗೆ ಕತ್ತರಿಸಿಬಿಡಿ. ಹೆದ್ದಾರಿ ಬದಿಯಲ್ಲಿ ಅದೇ ಹೆಸರು ಹೇಳಿ ಪೇಂಟ್ ಹೊಡೆದ ಸಾಮಾನೂ ಮಾರುತ್ತಾರೆ. ಉಗುರಿನಿಂದ ಕೆರೆದಾಗ ಬಣ್ಣ ಹಪ್ಪಳೆಯಾಗಿ ಎದ್ದರೆ ಕೊಳ್ಳಬೇಡಿ. ಇವನ್ನು ನೀರಲ್ಲಿ ನೆನೆಸಬಾರದು, ಬಿಸಿಲಿಗೂ ಇಡಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿದರೆ ವರ್ಷಗಟ್ಟಲೆ ಬರುತ್ತವೆ.

ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರದ ಬಗ್ಗೆ ಬಹಳ ಎಚ್ಚರ ಬೇಕು. ಮೂರು ವರ್ಷದೊಳಗಿನವರ ಆಟಿಕೆ ಪರೀಕ್ಷಿಸಲು 31.7 ಮಿಲಿಮೀಟರ್ ಅಗಲದ ಒಂದು ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವುದು ಯಾವುದೂ ಸಲ್ಲದು. ನಮ್ಮ 10 ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್. ಅದೂ ಇಳಿಯುತ್ತದೆ ಅಂದರೆ ಲೆಕ್ಕ ಹಾಕಿ. ಮನೆಯಲ್ಲಿ ಪರೀಕ್ಷಿಸಲು ಟಿಶ್ಯೂ ರೋಲ್‌ನ ಒಳಗಿನ ರಟ್ಟಿನ ಕೊಳವೆ ಸಾಕು. ಅದು ಇನ್ನೂ ಸ್ವಲ್ಪ ಅಗಲ, ಹಾಗಾಗಿ ಸುರಕ್ಷಿತ ಅಳತೆ. ಅಳಗುಳಿಮಣೆ ನಮ್ಮ ಒಳ್ಳೆಯ ಆಟ, ಆದರೆ ಹುಣಸೆಬೀಜ, ಕವಡೆ, ಗೋಲಿ ಈ ಕೋಣೆಯಲ್ಲಿ ನೆಲಕ್ಕೆ ಬರಬಾರದು. ಗುಲಗಂಜಿ ಮನೆಯೊಳಗೇ ಬೇಡ. ಅಗಿದು ನುಂಗಿದರೆ ಅದು ಕಡು ವಿಷ.

ಗುಂಡಿ ಬ್ಯಾಟರಿ ಇರುವ ಹಾಡುವ ಪುಸ್ತಕ, ಮಿನುಗುವ ಚೆಂಡು, ರಿಮೋಟ್ ಇವನ್ನೂ ಒಳಗೆ ಬಿಡಬೇಡಿ. ನುಂಗಿದ ಗುಂಡಿ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟು ಗಾಯ ಮಾಡುತ್ತದೆ. ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ನೇರ ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೋಗಬೇಕು.

ಕೂರಿಸಿ ಓಡಾಡಿಸುವ ಗಾಲಿ ವಾಕರ್ ಯಾರಾದರೂ ಉಡುಗೊರೆ ಕೊಟ್ಟರೂ ಬೇಡ ಅನ್ನಿ. ಕೆನಡಾ 2004ರಲ್ಲೇ ಅದನ್ನು ನಿಷೇಧಿಸಿತು. ಅದರಲ್ಲಿ ಕೂತ ಮಗು ಕ್ಷಣದಲ್ಲಿ ಮೆಟ್ಟಿಲ ಅಂಚಿಗೋ ಒಲೆ ಹತ್ತಿರಕ್ಕೋ ಹೋಗಿಬಿಡುತ್ತದೆ. ನಡೆಯುವುದನ್ನು ಬೇಗ ಕಲಿಯುವುದೂ ಇಲ್ಲ. ನಮ್ಮ ಹಳೆಯ ಮೂರು ಚಕ್ರದ ಮರದ ತಳ್ಳುಗಾಡಿ ಅದಕ್ಕಿಂತ ಮೇಲು, ಮಗು ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. ಚಕ್ರ ಸ್ವಲ್ಪ ಬಿಗಿಯಾಗಿರಲಿ.

ಮನೆಯಾಟಕ್ಕೆ ಪ್ಲಾಸ್ಟಿಕ್ ಕಿಚನ್ ಸೆಟ್ ಬೇಕಾಗಿಲ್ಲ. ಪುಟ್ಟ ಸ್ಟೀಲ್ ಲೋಟ, ತಟ್ಟೆ, ಸೌಟು, ಚಪಾತಿ ಮಣೆ ಲಟ್ಟಣಿಗೆ, ಹಳೆಯ ಇಡ್ಲಿ ತಟ್ಟೆ ಕೊಡಿ. ಸದ್ದು ಜಾಸ್ತಿ, ನಿಜ. ಕೆಳಗೆ ಜಮಖಾನ ಇದ್ದರೆ ತಡೆಯುತ್ತದೆ. ಮೂರು ವರ್ಷದವರಿಗೆ ಹಿಟ್ಟಿನಾಟ ಬಹಳ ಪ್ರೀತಿ. ಎರಡು ಕಪ್ ಮೈದಾ, ಒಂದು ಕಪ್ ಪುಡಿ ಉಪ್ಪು, ಎರಡು ಚಮಚ ಎಣ್ಣೆ, ಕಲಸಲು ನೀರು. ಬಣ್ಣಕ್ಕೆ ಬೀಟ್‌ರೂಟ್ ರಸ. ಅರಿಸಿನ ಹಾಕಿದರೆ ಬಟ್ಟೆಯ ಕಲೆಗೆ ಪೋಷಕರಿಗೆ ನೀವೇ ಉತ್ತರ ಕೊಡಬೇಕು. ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿ ಇಟ್ಟರೆ ಒಂದು ವಾರ ಬರುತ್ತದೆ. ಉಪ್ಪು ಜಾಸ್ತಿ ಇರುವುದರಿಂದ ತಿನ್ನಲು ಬಿಡಬಾರದು, ಪಕ್ಕದಲ್ಲಿ ನೀವು ಕೂತಿರಬೇಕು. ಸ್ಲೇಟು ಬಳಪ ಕೊಟ್ಟಾಗಲೂ ಗಮನ ಇರಲಿ. ಒಂದು ಮಗು ಮತ್ತೆ ಮತ್ತೆ ಬಳಪ, ಮಣ್ಣು ತಿನ್ನುತ್ತಿದ್ದರೆ ಬೈಯದೆ ಪೋಷಕರಿಗೆ ತಿಳಿಸಿ. ರಕ್ತಹೀನತೆ ಇದ್ದರೂ ಮಕ್ಕಳು ಹಾಗೆ ಮಾಡುತ್ತಾರೆ, ಡಾಕ್ಟರು ನೋಡಬೇಕು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಸೀರೆ ಕಟ್ಟಿ ಜೋಕಾಲಿ ಮಾಡಬೇಡಿ. ದುಪ್ಪಟ್ಟ, ಹಗ್ಗ, ಸ್ಕಿಪ್ಪಿಂಗ್ ದಾರ ಆ ಕೋಣೆಯಲ್ಲಿ ನೇತಾಡಬಾರದು. ಸೀರೆ ಜೋಕಾಲಿಯಲ್ಲಿ ಸುತ್ತಿಕೊಂಡು ಆಡುತ್ತಾ ಕುತ್ತಿಗೆಗೆ ಬಿಗಿದು ಮಕ್ಕಳು ತೀರಿಕೊಂಡ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದೊಡ್ಡವರು ಪಕ್ಕದ ಕೋಣೆಯಲ್ಲೇ ಇದ್ದಾಗ ಆಗಿರುತ್ತದೆ.

ಮಲಗುವ ಜಾಗ, ಟಿವಿ

ಮಧ್ಯಾಹ್ನದ ನಿದ್ದೆಗೆ ಬೇರೆ ಕೋಣೆ ಇದ್ದರೆ ಒಳ್ಳೆಯದು, ಆದರೆ ಬಾಗಿಲು ತೆರೆದೇ ಇರಲಿ. ಒಂದು ವರ್ಷದೊಳಗಿನ ಕೂಸನ್ನು ಅಂಗಾತ, ಸಮತಟ್ಟಾದ ಗಟ್ಟಿ ಹಾಸಿಗೆ ಮೇಲೆ ಮಲಗಿಸಿ. ದಿಂಬು, ದಪ್ಪ ಹೊದಿಕೆ, ಮೆತ್ತನೆಯ ಗೊಂಬೆ ಪಕ್ಕದಲ್ಲಿ ಬೇಡ. ಒಬ್ಬೊಬ್ಬರಿಗೂ ಅವರವರದೇ ಹೊದಿಕೆ ಇರಲಿ, ಹೆಸರು ಹೊಲಿದು ವಾರಕ್ಕೊಮ್ಮೆ ಮನೆಗೆ ಕಳಿಸಿ.

ಟಿವಿ ಈ ಕೋಣೆಯಲ್ಲಿ ಬೇಡ. ಎರಡು ವರ್ಷ ತುಂಬುವವರೆಗೆ ಪರದೆಯೇ ಬೇಡ ಅಂತ ಭಾರತೀಯ ಮಕ್ಕಳ ತಜ್ಞರ ಸಂಘವೂ ಹೇಳುತ್ತದೆ. ಪೋಷಕರು ನಿಮ್ಮ ಹತ್ತಿರ ಬಿಡುವುದು ಬೇರೆ ಮಕ್ಕಳ ಜೊತೆ ಆಡಲಿ ಅಂತ.

ತೊಳೆಯುವುದು

ಬಾಗಿಲ ಹತ್ತಿರ ಮೇಲೆ ಒಂದು ಬುಟ್ಟಿ ಇಡಿ. ಬಾಯಿಗೆ ಹೋದ ಆಟಿಕೆ ನೇರ ಅದಕ್ಕೆ ಹೋಗಲಿ. ಸಂಜೆ ಸೋಪು ನೀರಿನಲ್ಲಿ ತೊಳೆದು, ಚೆನ್ನಾಗಿ ಜಾಲಿಸಿ, ಪೂರ್ತಿ ಒಣಗಿಸಿ. ತೊಳೆಯಲು ಆಗದ ಮೆತ್ತನೆ ಗೊಂಬೆ ಡೇಕೇರ್‌ಗೆ ಹೊಂದುವುದಿಲ್ಲ. ಒತ್ತಿದರೆ ನೀರು ಚಿಮ್ಮುವ ರಬ್ಬರ್ ಬಾತುಕೋಳಿಯ ಹೊಟ್ಟೆಯೊಳಗೆ ಬೂಸ್ಟು ಬೆಳೆಯುತ್ತದೆ, ಅದೂ ಬೇಡ. ಕೈ ಕಾಲು ಬಾಯಿ ರೋಗ ಬಂದ ಮಗು ವಾಸಿಯಾಗುವವರೆಗೆ ಮನೆಯಲ್ಲೇ ಇರಲಿ ಅಂತ ಸೇರಿಸಿಕೊಳ್ಳುವ ದಿನವೇ ಬರೆದು ಸಹಿ ಹಾಕಿಸಿಕೊಳ್ಳಿ. ಆಮೇಲೆ ಹೇಳಿದರೆ ಮನಸ್ತಾಪ.

ಗೋಡೆಯ ಮೇಲೆ ಒಂದು ಹಾಳೆ

ಬಾಗಿಲ ಹಿಂದೆ, ದೊಡ್ಡವರ ಕಣ್ಣೆತ್ತರಕ್ಕೆ ಒಂದು ಹಾಳೆ ಅಂಟಿಸಿ. ತುರ್ತಿಗೆ 112, ಆಂಬುಲೆನ್ಸ್‌ಗೆ 108, ಮಕ್ಕಳ ಸಹಾಯವಾಣಿ 1098. ಹತ್ತಿರದ ಮಕ್ಕಳ ಆಸ್ಪತ್ರೆಯ ನಂಬರು, ಪ್ರತಿ ಮಗುವಿನ ಹೆತ್ತವರ ಎರಡೆರಡು ನಂಬರು, ಯಾವ ಮಗುವಿಗೆ ಯಾವ ಅಲರ್ಜಿ. ನಿಮ್ಮ ಮನೆಯ ಪೂರ್ತಿ ವಿಳಾಸವನ್ನೂ ಬರೆಯಿರಿ. ಗಾಬರಿಯಲ್ಲಿ ಕ್ರಾಸ್ ನಂಬರೇ ಬಾಯಿಗೆ ಬರುವುದಿಲ್ಲ, ಸಹಾಯಕ್ಕೆ ಬಂದ ಪಕ್ಕದ ಮನೆಯವರಿಗಂತೂ ಗೊತ್ತೇ ಇರುವುದಿಲ್ಲ.

ಗಂಟಲಿಗೆ ಸಿಕ್ಕಿಕೊಂಡಾಗ ಏನು ಮಾಡಬೇಕು ಅನ್ನುವುದನ್ನು ಕಲಿಯದೆ ಮಕ್ಕಳನ್ನು ಸೇರಿಸಿಕೊಳ್ಳಬೇಡಿ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಬರದಿದ್ದರೆ, ಒಂದು ವರ್ಷದೊಳಗಿನ ಕೂಸಾದರೆ ತೋಳಿನ ಮೇಲೆ ಬೋರಲು, ತಲೆ ಕೆಳಗಿರುವಂತೆ ಹಿಡಿದು ಬೆನ್ನಿನ ಮೇಲ್ಭಾಗಕ್ಕೆ ಅಂಗೈಯಿಂದ ಐದು ಸಲ ಹೊಡೆಯಬೇಕು. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ಮಧ್ಯೆ ಐದು ಸಲ ಒತ್ತಬೇಕು. ಅದಕ್ಕಿಂತ ದೊಡ್ಡವರಿಗೆ ಬೆನ್ನಿಗೆ ಐದು ಸಲ, ಆಮೇಲೆ ಹಿಂದಿನಿಂದ ಹಿಡಿದು ಹೊಕ್ಕುಳಿನ ಸ್ವಲ್ಪ ಮೇಲೆ ಒಳಗೂ ಮೇಲಕ್ಕೂ ಐದು ಸಲ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಬಾರದು, ಇನ್ನೂ ಒಳಗೆ ಹೋಗುತ್ತದೆ. ಓದಿದ್ದಷ್ಟೇ ಸಾಲದು. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್‌ನಂಥ ಸಂಸ್ಥೆಗಳು ಪ್ರಥಮ ಚಿಕಿತ್ಸೆಯ ತರಬೇತಿ ಕೊಡುತ್ತವೆ. ಹೋಗಿ ಗೊಂಬೆಯ ಮೇಲೆ ಕೈಯಾರೆ ಮಾಡಿ ಕಲಿಯಿರಿ. ನಿಮ್ಮ ಜೊತೆ ಕೆಲಸಕ್ಕೆ ಬರುವವರನ್ನೂ ಕಳಿಸಿ.

ಮಕ್ಕಳು ಬಂದ ಮೇಲೆ

ಕೋಣೆ ಸಿದ್ಧವಾಯಿತು ಅಂತ ಎಲ್ಲರನ್ನೂ ಒಂದೇ ಸೋಮವಾರ ಕರೆಯಬೇಡಿ. ಮೊದಲ ದಿನ ಒಂದು ಮಗು, ಅಮ್ಮನ ಜೊತೆ, ಎರಡು ಗಂಟೆ. ಆಮೇಲೆ ಇನ್ನೊಂದು. ಮೊದಲ ವಾರ ಕೈಯಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡು, ‘ಬೇಡ’ ಅಂದಾಗಲೆಲ್ಲ ಯಾವ ಜಾಗದಲ್ಲಿ, ಯಾವ ವಸ್ತುವಿಗೆ ಅಂತ ಬರೆಯಿರಿ. ಶುಕ್ರವಾರ ಓದಿದರೆ ಒಂದೇ ಎರಡು ಜಾಗ ಮತ್ತೆ ಮತ್ತೆ ಬಂದಿರುತ್ತವೆ. ಚಪ್ಪಲಿ ಸ್ಟ್ಯಾಂಡ್ ಇರಬಹುದು, ಕಿಟಕಿ ಕಟ್ಟೆ ಇರಬಹುದು. ಶನಿವಾರ ಆ ಎರಡನ್ನು ಸರಿಮಾಡಿ. ಹತ್ತುವ ಆಸೆ ಇರುವ ಮಗು ಎಲ್ಲಾದರೂ ಹತ್ತಿಯೇ ಹತ್ತುತ್ತದೆ, ಹಾಗಾಗಿ ಕಟ್ಟೆಯಿಂದ ಇಳಿಸುವ ಬದಲು ಗಟ್ಟಿ ಫೋಮ್ ದಿಂಬುಗಳ ಎರಡು ಮೆಟ್ಟಿಲನ್ನು ಖಾಲಿ ನೆಲದ ಮೇಲೆ ಇಡಿ.

ತಿಂಗಳಿಗೊಮ್ಮೆ ಮತ್ತೆ ಮಂಡಿಯೂರಿ ಒಂದು ಸುತ್ತು ಬನ್ನಿ. ಬಿರುಕು ಬಿಟ್ಟ ಪ್ಲಾಸ್ಟಿಕ್, ಹೊಲಿಗೆ ಬಿಚ್ಚಿದ ಗೊಂಬೆ, ಸಡಿಲವಾದ ಚಕ್ರ ಸಿಕ್ಕರೆ ಅಲ್ಲೇ ತೆಗೆದುಹಾಕಿ. ಕಳೆದ ತಿಂಗಳು ತೆವಳುತ್ತಿದ್ದ ಕೂಸು ಈಗ ಹಿಡಿದು ನಿಲ್ಲುತ್ತಿರುತ್ತದೆ. ಅದರ ಕೈ ಈಗ ಎಲ್ಲಿಗೆ ಎಟುಕುತ್ತದೆ ಅಂತ ಅಳೆದು ನೋಡಿ, ಅಷ್ಟು ಎತ್ತರದವರೆಗೆ ಕಪಾಟು ಮತ್ತೆ ಜೋಡಿಸಿ.